ವಾಸಿಯಾಗುವವರೆಗೂ

ಜನವರಿ ೧೧

ತಂಗೀ,

ಕ್ಷೇಮ ಅಂತ ಬರೆದು ಕಾಗದ ಶುರು ಮಾಡಬೇಕು ಎಂದು ನಮಗೆ ಶಾಲೆಯಲ್ಲಿ ಕಲಿಸಿದ್ದರು. ಈ ಸಲ ಆ ಸಾಲು ಬಿಟ್ಟು ಮುಂದಿನದನ್ನು ಬರೆಯುತ್ತೇನೆ, ಗಾಬರಿಯಾಗಬೇಡ. ಬೇಡ ಅಂದರೆ ಆಗದೆ ಇರುವವಳಲ್ಲ ನೀನು, ಅದೂ ಗೊತ್ತು. ಫೋನಿನಲ್ಲೇ ಹೇಳೋಣವೆಂದರೆ ನಮ್ಮದು ಎರಡು ಕೋಣೆಯ ಮನೆ, ಪಿಸುಗುಟ್ಟಿದರೂ ಇವರಿಗೆ ಕೇಳುತ್ತದೆ. ನಿನ್ನ ಹಾಸ್ಟೆಲಿನ ಅಡುಗೆಮನೆಯ ಪಾತ್ರೆ ಸದ್ದಿನಲ್ಲಿ ಕೂಗಿದರೂ ನಿನಗೆ ಕೇಳುವುದಿಲ್ಲ.

ನಿನ್ನ ಭಾವ ಬಹಳ ದಿನದಿಂದ ಪ್ರತಿ ತುತ್ತಿಗೂ ಒಂದು ಗುಟುಕು ನೀರು ಕುಡಿಯುತ್ತಿದ್ದರು. "ಅನ್ನ ಉಣ್ತೀರೋ ನೀರು ಉಣ್ತೀರೋ" ಅಂತ ನಾನು ರೇಗುತ್ತಿದ್ದೆ. ಆಮೇಲೆ ಬ್ರೆಡ್ಡು ಬಿಟ್ಟರು. ಆಮೇಲೆ ಅನ್ನ. ಹಲ್ಲು ನೋವು ಅಂದರು, ಬೋರ್ಡು ಬರೆಯುವ ಬಣ್ಣದ ವಾಸನೆಗೆ ಹಸಿವು ಸತ್ತಿದೆ ಅಂದರು. ಕೊನೆಗೆ ಒಂದು ದಿನ ಬೇಯಿಸಿದ ಆಲೂಗಡ್ಡೆಯ ಚೂರು ಎದೆಯ ನಡುವೆ ನಿಂತುಬಿಟ್ಟಿತು. ಮೇಲೂ ಬರಲಿಲ್ಲ, ಕೆಳಗೂ ಹೋಗಲಿಲ್ಲ. ಗೋಡೆಗೆ ಎರಡೂ ಅಂಗೈ ಕೊಟ್ಟು, ಕಣ್ಣು ದೊಡ್ಡದು ಮಾಡಿಕೊಂಡು ನಿಂತರು. ನಾನು ಬೆನ್ನು ತಟ್ಟುತ್ತಾ ದೇವರನ್ನು ಕೂಗಿದೆ. ಎದುರು ಮನೆಯ ಹೊಲಿಗೆಯವಳು ಟೇಪು ಕೊರಳಲ್ಲಿ ಹಾಕಿಕೊಂಡೇ ಓಡಿಬಂದಳು.

ಗಂಟಲಲ್ಲಿ ಕ್ಯಾಮೆರಾ ಇಳಿಸಿ ನೋಡಿದರು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಇನ್ನೊಂದು ದೊಡ್ಡ ಯಂತ್ರದೊಳಗೆ ಮಲಗಿಸಿದರು. ಅದರ ಫಲ ಹೇಳುತ್ತೇವೆ ಬನ್ನಿ ಎಂದು ಕರೆದಿದ್ದ ದಿನ ನಾವು ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಇವರು ಎದುರಿನ ಗೋಡೆಯ ಮೇಲಿನ ಫಲಕ ನೋಡಿ, "ಅಕ್ಷರದ ಮಧ್ಯ ಜಾಗ ಬಿಡೋದು ಗೊತ್ತಿಲ್ಲ ಇವನಿಗೆ" ಅಂತ ಬರೆದವನನ್ನು ಬೈಯುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡು ದೇವರಿಗೆ ಮಾತು ಕೊಟ್ಟೆ. ಇವರಿಗೆ ವಾಸಿಯಾಗುವವರೆಗೂ ನಾನು ಅಗಿದು ತಿನ್ನುವ ಯಾವುದನ್ನೂ ಬಾಯಿಗೆ ಇಡುವುದಿಲ್ಲ, ಇವರು ಏನು ಕುಡಿಯುತ್ತಾರೋ ಅಷ್ಟೇ ನನಗೂ, ಎಂದು. ಕಣ್ಣು ಬಿಡುವಷ್ಟರಲ್ಲಿ ಒಳಗಿಂದ ಕರೆದರು.

ಡಾಕ್ಟರಮ್ಮ ಒಳ್ಳೆಯವರು. ಇಬ್ಬರನ್ನೂ ಕೂರಿಸಿ ನಿಧಾನವಾಗಿ ಹೇಳಿದರು. ಅನ್ನನಾಳದ ಕ್ಯಾನ್ಸರ್. ಲಿವರಿಗೂ ಹರಡಿದೆ, ಕೊಯ್ದು ತೆಗೆಯುವ ಹಂತ ದಾಟಿದೆ. "ಕೀಮೋ ಕೊಡ್ತೀವಿ. ಆದ್ರೆ ಅದು ವಾಸಿ ಮಾಡೋ ಔಷಧಿ ಅಂತ ನಾನು ಹೇಳಲ್ಲ. ಗಂಟು ಸ್ವಲ್ಪ ಕರಗುತ್ತೆ, ನುಂಗೋದು ಸುಲಭ ಆಗುತ್ತೆ, ಒಂದಷ್ಟು ಒಳ್ಳೆ ದಿನ ಸಿಗುತ್ತೆ. ಅದಕ್ಕೆ ಕೊಡೋದು."

ಇವರು ಕೇಳಿದ್ದು ಒಂದೇ ಮಾತು. "ಕೆಲಸ ಮಾಡಬಹುದಾ?"

"ಮೈ ಕೇಳಿದಷ್ಟು ಮಾಡಿ. ಬೆರಳು ಜೋಮು ಹಿಡಿದರೆ ತಕ್ಷಣ ಹೇಳಿ."

ನಾನು ಏನೂ ಕೇಳಲಿಲ್ಲ. ನನ್ನ ಮಾತು ಆಗಲೇ ಹೊರಟುಹೋಗಿತ್ತಲ್ಲ. ವಾಸಿಯಾಗುವವರೆಗೂ ಅಂದಿದ್ದೆ, ಡಾಕ್ಟರಮ್ಮ ವಾಸಿ ಅನ್ನುವುದೇ ಇಲ್ಲ ಅನ್ನುತ್ತಿದ್ದಾರೆ. ಮನೆಗೆ ಬರುತ್ತಾ ನನ್ನಷ್ಟಕ್ಕೆ ಹೇಳಿಕೊಂಡೆ, ಡಾಕ್ಟರಮ್ಮ ಹೇಳಿದ್ದು ಔಷಧಿಯ ಕೈಲಿ ಆಗುವುದನ್ನು ಮಾತ್ರ. ದೇವರ ಕೈಲಿ ಆಗುವುದನ್ನು ಅವರು ಹೇಗೆ ಹೇಳಿಯಾರು?

ಆದರೂ ನಿನ್ನೆ ಇವರು ಮಲಗಿದ್ದಾಗ ಎದೆ ಏರಿಳಿಯುವುದನ್ನೇ ನೋಡುತ್ತಾ ಕೂತಿದ್ದೆ.

ನಿನ್ನ ಅಕ್ಕ

ಜನವರಿ ೨೦

ಅಕ್ಕಾ,

ಕಾಗದ ಓದಿ ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಹೊರಗೆ ಬಂದು ನಿನ್ನ ಮೇಲೆ ಸಿಟ್ಟು ಮಾಡಿಕೊಂಡೆ. ಅಳು ಭಾವನಿಗೆ, ಸಿಟ್ಟು ನಿನಗೆ.

ಅಲ್ಲವೇ, ನಿನ್ನ ಹಲ್ಲಿನ ಮೇಲೆ ದೇವರಿಗೆ ಯಾಕೆ ಕಣ್ಣು? ನೀನು ರೊಟ್ಟಿ ಬಿಟ್ಟರೆ ಅವನಿಗೇನು ಹೊಟ್ಟೆ ತುಂಬುತ್ತದಾ? ಚಿಕ್ಕವಳಿದ್ದಾಗ ನನಗೆ ಜ್ವರ ಬಂತೆಂದು ನೀನು ಚಪ್ಪಲಿ ಬಿಟ್ಟೆ. ಜ್ವರ ತನ್ನ ಪಾಡಿಗೆ ಬಿಟ್ಟುಹೋಯಿತು. ನಿನ್ನ ಹಿಮ್ಮಡಿಗೆ ಮುಳ್ಳು ಹೊಕ್ಕು ಕೀವಾಗಿ, ಅಮ್ಮ ಇಬ್ಬರನ್ನೂ ನೋಡಿಕೊಳ್ಳಬೇಕಾಯಿತು. ಈಗಲೂ ಅಷ್ಟೇ. ಭಾವನನ್ನು ಎತ್ತಿ ಕೂರಿಸಬೇಕಾದವಳು ನೀನು. ಗಂಜಿ ಕುಡಿದು ನೀನೇ ಬಿದ್ದರೆ ಮನೆಯಲ್ಲಿ ಎರಡು ಹಾಸಿಗೆ ಆಗುತ್ತದೆ, ಅಷ್ಟೇ ಲಾಭ.

ಭಾವನಿಗೆ ಗೊತ್ತಾ ಇದು? ಗೊತ್ತಿರಲಾರದು. ಗೊತ್ತಾದರೆ ಸುಮ್ಮನಿರುವವರಲ್ಲ.

ಪರೀಕ್ಷೆ ಮುಗಿದು ಹುಡುಗಿಯರು ಊರಿಗೆ ಹೋಗುವವರೆಗೆ ನನಗೆ ರಜೆ ಸಿಗುವುದಿಲ್ಲ. ವಾರ್ಡನ್ನಿನ ಹತ್ತಿರ ಕೇಳಿದೆ, "ನೀನು ಹೋದ್ರೆ ಇಷ್ಟು ಜನಕ್ಕೆ ಸೌಟು ಹಿಡಿಯೋರು ಯಾರಮ್ಮ" ಅಂದಳು. ಏನೇ ಆದರೂ ಬರೆ. ಕೆಟ್ಟದ್ದನ್ನೂ ಬರೆ. ಒಳ್ಳೆಯದನ್ನು ಮಾತ್ರ ಬರೆದೆಯೋ, ನನಗೆ ಇನ್ನೂ ಹೆದರಿಕೆ.

ಏನಾದರೂ ಅಗಿದು ತಿನ್ನು ಮಾರಾಯ್ತಿ.

ತಂಗಿ

ಫೆಬ್ರವರಿ ೮

ತಂಗೀ,

ಕೆಟ್ಟದ್ದನ್ನೂ ಬರೆ ಅಂದೆಯಲ್ಲ, ತಗೋ.

ಔಷಧಿ ಏರಿಸುವ ಕೋಣೆ ನೋಡಿದರೆ ಕ್ಷೌರದಂಗಡಿಯ ಹಾಗಿದೆ. ಸಾಲಾಗಿ ಒರಗು ಕುರ್ಚಿ, ಒಂದೊಂದರ ಪಕ್ಕ ಒಂದು ಕಬ್ಬಿಣದ ಕಂಬ, ಅದಕ್ಕೆ ತೂಗುಹಾಕಿದ ಚೀಲ. ಯಾರೂ ಜೋರಾಗಿ ಮಾತಾಡುವುದಿಲ್ಲ. ಹನಿ ಬೀಳುವುದನ್ನೇ ಎಲ್ಲರೂ ನೋಡುತ್ತಾರೆ. ಇವರು ಮಾತ್ರ ನರ್ಸಮ್ಮನನ್ನು ಕರೆದು, "ಟರ್ಪೆಂಟೈನ್ ಏನಾದ್ರೂ ಬೆರೆಸಿದ್ದೀರಾ? ನನ್ನ ಮೈಗೆ ಅದು ಚೆನ್ನಾಗಿ ಒಗ್ಗುತ್ತೆ" ಅಂದರು. ಆಕೆ ನಕ್ಕಳು. ಪಕ್ಕದ ಕುರ್ಚಿಯ ಮುದುಕಿಯೂ ನಕ್ಕಿತು. ನನಗೆ ನಗು ಬರಲಿಲ್ಲ. ಒಂದು ಔಷಧಿ ಅಲ್ಲೇ ಮುಗಿಯುತ್ತದೆ. ಇನ್ನೊಂದನ್ನು ಪುಟ್ಟ ಬಾಟಲಿಯಲ್ಲಿ ತುಂಬಿ ಸೊಂಟಕ್ಕೆ ಕಟ್ಟಿ ಕಳಿಸುತ್ತಾರೆ. ಅದು ಮನೆಯಲ್ಲೂ ಒಳಗೆ ಇಳಿಯುತ್ತಲೇ ಇರುತ್ತದೆ. ಇವರು ಆ ಬಾಟಲಿಗೆ ಬಾಡಿಗೆಯವನು ಅಂತ ಹೆಸರಿಟ್ಟಿದ್ದಾರೆ.

ತಣ್ಣಗಿನದು ಏನೂ ಮುಟ್ಟಬೇಡಿ, ಕುಡಿಯಬೇಡಿ ಎಂದು ನರ್ಸಮ್ಮ ಹೇಳಿಯೇ ಕಳಿಸಿದ್ದಳು. ಮರುದಿನ ಬೆಳಗ್ಗೆ ನಾನು ಗಂಜಿಗೆ ನೀರಿಡುತ್ತಿದ್ದೆ. ಇವರು ನಲ್ಲಿಯ ನೀರನ್ನೇ ಒಂದು ಲೋಟ ಹಿಡಿದು ಗುಟುಕರಿಸಿಬಿಟ್ಟರು. ಚಳಿಗಾಲದ ನೀರು. ಲೋಟ ಕೈಯಿಂದ ಹಾರಿತು. ಗಂಟಲು ಹಿಡಿದುಕೊಂಡು ನನ್ನ ಕಡೆ ನೋಡಿದರು, ಬಾಯಿ ಆಡುತ್ತಿದೆ, ದನಿ ಇಲ್ಲ. ಉಸಿರು ನಿಂತಿತು ಅಂದುಕೊಂಡೆ ತಂಗಿ. ದೇವರನ್ನು ಕರೆಯಲೂ ನನಗೆ ಹೆಸರು ನೆನಪಾಗಲಿಲ್ಲ. ಬಿಸಿ ಗಂಜಿಯ ಪಾತ್ರೆ ಸೆರಗಿನಲ್ಲಿ ಹಿಡಿದುಕೊಂಡು ಬಂದು ಅದರ ಹಬೆಯನ್ನು ಮುಖಕ್ಕೆ ಹಿಡಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ನಿಧಾನಕ್ಕೆ ಉಸಿರು ಬಂತು.

ನರ್ಸಮ್ಮನಿಗೆ ಫೋನು ಮಾಡಿದರೆ, "ಉಸಿರು ನಿಂತಿರಲ್ಲಮ್ಮ, ನಿಂತ ಹಾಗೆ ಅನಿಸುತ್ತೆ. ತಣ್ಣಗಿನದಕ್ಕೆ ನರ ಹಾಗೆ ಹಿಡ್ಕೊಳ್ಳುತ್ತೆ. ಆದರೂ ಇನ್ನೊಂದು ಸಲ ಹಾಗಾದ್ರೆ ಕರ್ಕೊಂಡು ಬನ್ನಿ" ಅಂದಳು. ಅನಿಸುವುದಕ್ಕೂ ಆಗುವುದಕ್ಕೂ ನೋಡುವವರಿಗೆ ಏನು ವ್ಯತ್ಯಾಸ ಹೇಳು.

ಮಾತು ಕೊಟ್ಟಿದ್ದು ಇವರಿಗೆ ಗೊತ್ತಾಯಿತು. ಹೊಲಿಗೆಯವಳು ಕಡುಬಿನಂಥ ಏನನ್ನೋ ಮಾಡಿ ತಂದುಕೊಟ್ಟಳು, ನಾನು ಬೇಡವೆಂದೆ, ಅವಳು ಬಿಡಲಿಲ್ಲ, ಬಾಯಿಬಿಟ್ಟೆ. ಇವರು ಕುರ್ಚಿಯಲ್ಲಿ ಕೂತವರು ಕೇಳಿಸಿಕೊಂಡರು. ಬೈಯುತ್ತಾರೆ ಅಂದುಕೊಂಡಿದ್ದೆ. "ವಾಸಿಯಾಗೋವರೆಗಾ?" ಅಂದರು. ಹೂಂ ಅಂದೆ. "ಹಾಗಾದ್ರೆ ಬೇಗ ವಾಸಿಯಾಗ್ಬೇಕು, ಇಲ್ಲಾಂದ್ರೆ ನಿನ್ನ ಸೊಂಟ ಸಣ್ಣಗಾಗಿ ಊರ ಕಣ್ಣು ಬೀಳುತ್ತೆ" ಅಂದು ಗೋಡೆ ಕಡೆ ತಿರುಗಿ ಮಲಗಿದರು.

ನಿನ್ನ ಅಕ್ಕ

ಮಾರ್ಚ್ ೨೩

ತಂಗೀ,

ಒಳ್ಳೆಯ ಸುದ್ದಿ! ಓದುವ ಮೊದಲು ಒಂದು ಸಲ ದೇವರಿಗೆ ಕೈಮುಗಿ.

ಇವರು ಅನ್ನ ಉಂಡರು. ಮೆತ್ತಗೆ ಬೇಯಿಸಿ, ಹಿಸುಕಿ, ಹಾಲು ಹಾಕಿದ್ದೆ. ಸುಮ್ಮನೆ ನೋಡೋಣವೆಂದು ಒಂದು ಚಮಚ ಬಾಯಿಗಿಟ್ಟರು. ನಾನು ಎದುರಿಗೆ ಉಸಿರು ಹಿಡಿದು ಕೂತಿದ್ದೆ. ಎದೆಯ ಮೇಲೆ ಬೆರಳಿಟ್ಟು, "ಇಲ್ಲಿ ಬಂತು… ಇಲ್ಲಿ… ನಿಂತಿಲ್ಲ… ಹೋಯ್ತು ಕಣೇ!" ಅಂದರು. ರೈಲು ಬಂದುಹೋಗುವುದನ್ನು ಮಗು ಹೇಳುವ ಹಾಗೆ. ಇನ್ನೊಂದು ಚಮಚ. ಅದೂ ಹೋಯಿತು. ನಾನು ಅಡುಗೆಮನೆಗೆ ಎದ್ದು ಹೋಗಿ ಗೋಡೆಗೆ ಹಣೆ ಒತ್ತಿಕೊಂಡು ನಿಂತೆ.

ಡಾಕ್ಟರಮ್ಮನಿಗೂ ಖುಷಿ. ಗಂಟು ಕುಗ್ಗಿದೆ ಅಂದರು. "ಇದೇ ನಾವು ಬಯಸಿದ್ದು" ಅಂದರು. ಮತ್ತೆ ಮೊದಲಿನ ಮಾತನ್ನೇ ಹೇಳಿದರು, ಇದು ವಾಸಿ ಅಲ್ಲ, ಎಷ್ಟು ದಿನ ಹೀಗಿರುತ್ತದೋ ಹೇಳಲಾಗದು ಅಂತ. ಹೇಳಲಿ. ಕುಗ್ಗಿದ್ದು ಇನ್ನೂ ಕುಗ್ಗಬಾರದು ಎಂದೇನಿದೆ? ನೀನು ದೇವರಿಗೂ ನನ್ನ ಹಲ್ಲಿಗೂ ಏನು ಸಂಬಂಧ ಅಂತ ಕೇಳಿದ್ದೆ. ಈಗ ಹೇಳು.

ಇವರು "ನಾನು ನುಂಗಿದೆನಲ್ಲ, ಇನ್ನು ನೀನೂ ತಿನ್ನು" ಅಂತ ಹಿಡಿದುಕೊಂಡರು. ನನ್ನ ಮಾತು ನುಂಗುವವರೆಗೆ ಅಲ್ಲ, ವಾಸಿಯಾಗುವವರೆಗೆ. ದಾರಿಯ ಮಧ್ಯದಲ್ಲಿ ಮಾತು ಬದಲಿಸಿದರೆ, ಕೊಟ್ಟದ್ದನ್ನು ಅವನೂ ಅಲ್ಲಿಂದಲೇ ವಾಪಸು ತೆಗೆದುಕೊಂಡರೆ? ಆಗುವುದಿಲ್ಲ ಅಂದೆ.

ಕೆಲಸಕ್ಕೂ ಕೂತಿದ್ದಾರೆ. ಚಪ್ಪಲಿ ಅಂಗಡಿಯವನ ತಗಡಿನ ಬೋರ್ಡು ಎಷ್ಟೋ ದಿನದಿಂದ ಬರೀ ಬಿಳಿ ಬಳಿದುಕೊಂಡು ಗೋಡೆಗೆ ಒರಗಿತ್ತು. ದಾರಕ್ಕೆ ಸೀಮೆಸುಣ್ಣ ಸವರಿ ಗೆರೆ ಹೊಡೆಯಲು ನನ್ನನ್ನೇ ಕರೆದರು. ಒಂದು ತುದಿ ನನ್ನ ಕೈಲಿ, ಒಂದು ಅವರ ಕೈಲಿ, ನಡುವೆ ಎಳೆದು ಬಿಟ್ಟರೆ ಟಪ್ ಅಂತ ನೆಟ್ಟಗೆ ಗೆರೆ. ಮದುವೆಯಾದ ಹೊಸತರಲ್ಲಿ ಹೀಗೇ ಕರೆಯುತ್ತಿದ್ದರು. ಕುಂಚ ಎರಡು ಸಲ ಕೈಯಿಂದ ಜಾರಿ ಬಿತ್ತು. ನಿತ್ರಾಣ ಇರಬೇಕು, ಸರಿಹೋಗುತ್ತದೆ.

ಗಂಜಿ ಕುಡಿದು ಕುಡಿದು ನಾಲಿಗೆಗೆ ರುಚಿಯೇ ಮರೆತುಹೋಗಿದೆ, ಆದರೂ ಇವತ್ತು ಅದು ಸಿಹಿಯಾಗಿತ್ತು.

ನಗುತ್ತಾ ಬರೆದ ನಿನ್ನ ಅಕ್ಕ

ಏಪ್ರಿಲ್ ೧೪

ಸೌಟಮ್ಮನಿಗೆ ನಿನ್ನ ಭಾವ ಬರೆಯುವುದು.

ಅಕ್ಷರ ನೋಡಿ ಬೆಚ್ಚಬೇಡ. ಊರಿನ ಅರ್ಧ ಅಂಗಡಿಗಳ ಹಣೆಯ ಮೇಲೆ ಬರೆದ ಕೈಯೇ ಇದು. ಈಗ ಕೋಳಿ ಕೆದರಿದ ಹಾಗೆ ಬರುತ್ತಿದೆ. ದನಿಯೂ ಒಡೆದಿದೆ, ಗಾಳಿ ಮಾತ್ರ ಬರುತ್ತದೆ. ಅದಕ್ಕೇ ಕಾಗದ. ನಿನ್ನಕ್ಕ ಔಷಧಿ ತರಲು ಹೋಗಿದ್ದಾಳೆ.

ಬೆರಳ ತುದಿಗಳು ನನ್ನವಲ್ಲ ಅನಿಸುತ್ತದೆ. ಕುಂಚ ಹಿಡಿದಿದ್ದೇನೆಂದು ಕಣ್ಣಿನಿಂದ ನೋಡಿ ತಿಳಿಯಬೇಕು. ಅಂಗಿ ಗುಂಡಿ ಹಾಕಲು ಅವಳನ್ನು ಕರೆಯಬಾರದೆಂದು ಗುಂಡಿ ಹಾಕಿದ ಅಂಗಿಯನ್ನೇ ತಲೆಯ ಮೇಲಿಂದ ತೊಡುತ್ತೇನೆ. ಚಪ್ಪಲಿ ಅಂಗಡಿಯವನ ಬೋರ್ಡಿನಲ್ಲಿ ಮೊದಲ ಅಕ್ಷರ ಮೂರು ಸಲ ಬರೆದು ಮೂರು ಸಲ ಒರೆಸಿದೆ.

ಇದು ಔಷಧಿಯಿಂದ. ಡಾಕ್ಟರಮ್ಮ ಪ್ರತಿ ಸಲವೂ ಕೇಳುತ್ತಾರೆ, ಬೆರಳು ಹೇಗಿದೆ ಅಂತ. ಚೆನ್ನಾಗಿದೆ ಅನ್ನುತ್ತೇನೆ. ನಿಜ ಹೇಳಿದರೆ ಆ ಔಷಧಿ ನಿಲ್ಲಿಸುತ್ತಾರೆ. ನಿಂತರೆ ನನಗೆ ಪರವಾಗಿಲ್ಲ. ನಿಜ ಹೇಳಬೇಕೆಂದರೆ ಸೌಟಮ್ಮ, ನನಗೆ ಸಾಕಾಗಿದೆ. ಒಂದಷ್ಟು ಒಳ್ಳೆಯ ದಿನ ಕೊಡುತ್ತೇವೆ ಅಂದರು, ಕೊಟ್ಟರು. ಆದರೆ ಒಂದು ಸಲ ಏರಿಸಿಕೊಂಡು ಬಂದರೆ ವಾರವೆಲ್ಲಾ ವಾಂತಿ, ಬಾಯಿ ತುಂಬ ಹುಣ್ಣು. ಅದು ಹೋಗಿ ಎದ್ದು ಕೂರುವಷ್ಟರಲ್ಲಿ ಮುಂದಿನದು. ಉಳಿದ ದಿನಗಳಲ್ಲಿ ಕೈಯಾದರೂ ನನ್ನದಾಗಿರಲಿ ಅನಿಸುತ್ತದೆ.

ಹೇಳುವುದು ಹೇಗೆ? ನಿನ್ನಕ್ಕ ದೇವರನ್ನು ಬಾಗಿಲಲ್ಲಿ ಕಾವಲು ಕೂರಿಸಿದ್ದಾಳೆ. ನಾನು ವಾಸಿಯಾಗುವವರೆಗೆ ಅಗಿಯುವುದಿಲ್ಲವಂತೆ. ನಾನು ಔಷಧಿ ಬಿಟ್ಟೆ ಅಂದರೆ ವಾಸಿಯಾಗುವುದಿಲ್ಲ ಅಂತ ಒಪ್ಪಿಕೊಂಡ ಹಾಗೆ. ಆಗ ಅವಳು ಎಂದಿಗೆ ತಿನ್ನಬೇಕು? ನಾನು ಹೋದಮೇಲೂ ಗಂಜಿಯಲ್ಲೇ ಇರುತ್ತಾಳೆ, ಅವಳನ್ನು ನಾನು ಬಲ್ಲೆ. ಮೊನ್ನೆ ಮೆಟ್ಟಿಲ ಮೇಲೆ ತಲೆ ತಿರುಗಿ ಕೂತುಬಿಟ್ಟಳು. ಬಟ್ಟೆಯ ಬಕೆಟ್ಟು ಕೆಳಗೆ ಉರುಳಿತು. ನಾನು ಹಿಡಿಯಲು ಹೋದರೆ ನನ್ನ ಕೈಗೆ ಅವಳ ತೋಳು ಸಿಕ್ಕಿದ್ದೇ ತಿಳಿಯಲಿಲ್ಲ. ಅವಳು ಕೂತಲ್ಲೇ "ಏನಿಲ್ಲ, ಬಿಸಿಲು" ಅಂದಳು. ಬಿಸಿಲೇ ಇರಲಿಲ್ಲ.

ಬಿಸಿ ತುಪ್ಪ ನುಂಗಲೂ ಆಗದು ಉಗುಳಲೂ ಆಗದು ಅಂತಾರಲ್ಲ. ನನಗೆ ತುಪ್ಪ ಬೇರೆ ಬೇಕಿಲ್ಲ, ಗಂಟಲೇ ಸಾಕು. ಅವಳ ಹಟಕ್ಕೆ ನನ್ನ ಹತ್ತಿರ ಮದ್ದಿಲ್ಲ. ಸಾಯುವುದಕ್ಕಿಂತ ಹೆಚ್ಚು ಹೆದರಿಕೆ ನನಗೆ ಇದೇ.

ನಿನ್ನ ಭಾವ

ಏಪ್ರಿಲ್ ೨೨

ಭಾವಾ,

ನಿಮ್ಮ ಕಾಗದ ಓದಲು ಅರ್ಧ ದಿನ ಹಿಡಿಯಿತು. ಅಕ್ಷರ ಕೆಟ್ಟಿದ್ದಕ್ಕಲ್ಲ.

ನಾನು ಅಕ್ಕನಿಗೆ ಹೇಳುವುದಿಲ್ಲ. ನೀವೇ ಹೇಳಬೇಕು. ನಾನು ಹೇಳಿದರೆ ಅವಳಿಗೆ ಸಿಟ್ಟು ಮಾಡಿಕೊಳ್ಳಲು ಇನ್ನೊಬ್ಬರು ಸಿಗುತ್ತಾರೆ, ವಿಷಯ ಅಲ್ಲಿಗೇ ಮರೆತುಹೋಗುತ್ತದೆ. ಮೊದಲು ಡಾಕ್ಟರಮ್ಮನಿಗೆ ನಿಜ ಹೇಳಿ. ಅವರು ಕೇಳಿದ್ದು ಉಪಚಾರಕ್ಕಲ್ಲ. ಬೆರಳು ಕೆಟ್ಟಿದ್ದನ್ನು ಮುಚ್ಚಿಟ್ಟು ಔಷಧಿ ಹಾಕಿಸಿಕೊಂಡರೆ ಯಾರಿಗೆ ಉಪಕಾರ ಮಾಡಿದ ಹಾಗಾಯಿತು?

ಅಕ್ಕನ ಹಟ ನನಗೆ ಗೊತ್ತು. ಆದರೆ ನಿಮ್ಮನ್ನು ಒಂದು ಮಾತು ಕೇಳುತ್ತೇನೆ, ಬೈಕೊಳ್ಳಬೇಡಿ. ಅವಳು ನಿಮಗಾಗಿ ಉಪವಾಸ, ನೀವು ಅವಳಿಗಾಗಿ ವಿಷದಂಥ ಔಷಧಿ. ಇಬ್ಬರೂ ಒಬ್ಬರಿಗೊಬ್ಬರು ಉಪಕಾರ ಮಾಡುತ್ತಾ ಮಾಡುತ್ತಾ ಒಟ್ಟಿಗೇ ಬೀಳುತ್ತೀರಾ? ಗಟ್ಟಿಯಾಗಿ ಹೇಳಿ. ದನಿ ಇಲ್ಲದಿದ್ದರೆ ಸನ್ನೆ ಮಾಡಿ ಹೇಳಿ.

ಸೌಟಮ್ಮ

ಮೇ ೧೭

ತಂಗೀ,

ಈ ಸಲ ಅಕ್ಷರ ಕೆಟ್ಟಿದೆ, ಹೇಗೋ ಓದಿಕೋ.

ಮತ್ತೆ ಆ ಯಂತ್ರದಲ್ಲಿ ನೋಡಿದರು. ಗಂಟು ಬೆಳೆದಿದೆಯಂತೆ, ಲಿವರಿನಲ್ಲಿ ಹೊಸದು ಬಂದಿದೆಯಂತೆ. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಡಾಕ್ಟರಮ್ಮ, "ಈ ಔಷಧಿ ಇನ್ನು ಕೆಲಸ ಮಾಡಲ್ಲ. ಬೇರೆ ಒಂದು ಇದೆ. ಅದು ಹಿಡಿಯೋ ಸಾಧ್ಯತೆ ಕಡಿಮೆ, ಮೈಗೆ ಕಷ್ಟ ಕೊಡುತ್ತೆ. ಬೇಕು ಅಂದ್ರೆ ಕೊಡ್ತೀನಿ. ಬೇಡ ಅಂದ್ರೂ ನಿಮ್ಮನ್ನ ಕೈಬಿಡಲ್ಲ. ನುಂಗೋಕೆ ಒಳಗೆ ಜಾಲರಿಯ ನಳಿಗೆ ಇಡಬಹುದು, ನೋವಿಗೆ ಮದ್ದು ಕೊಡಬಹುದು" ಅಂದರು.

ಇವರು ಬಾಯಿಬಿಡುವ ಮೊದಲೇ, "ಕೊಡಿ ಅಮ್ಮ, ಕೊಡಿ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಇವರು ತಮ್ಮ ಎರಡೂ ಕೈಯನ್ನು ಮೇಜಿನ ಮೇಲೆ ಚಾಚಿದರು. ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಮತ್ತೆ ಹಾಕಲು ಹೋದರು. ಬೆರಳು ಗುಂಡಿಯ ಸುತ್ತ ತಡಕಾಡುತ್ತಿತ್ತು, ಕುರುಡರ ಹಾಗೆ. ಡಾಕ್ಟರಮ್ಮ ನೋಡುತ್ತಿದ್ದರು, ನಾನು ನೋಡುತ್ತಿದ್ದೆ, ಗುಂಡಿ ತೂತಿನ ಹತ್ತಿರಕ್ಕೂ ಹೋಗಲಿಲ್ಲ. "ಎಷ್ಟು ದಿನದಿಂದ?" ಅಂತ ಅವರು ಕೇಳಿದರು. ಇವರು ನನ್ನ ಕಡೆ ನೋಡಿ, ಆ ಗಾಳಿಯಂಥ ದನಿಯಲ್ಲಿ, "ತುಂಬ ದಿನ ಆಯ್ತು. ಇವಳಿಗೋಸ್ಕರ ಹೇಳಲಿಲ್ಲ. ಸಾಕು ಡಾಕ್ಟ್ರೇ. ಇನ್ನು ಬೇಡ" ಅಂದರು.

ಬಸ್ಸಿನಲ್ಲಿ ಬೇರೆ ಬೇರೆ ಕಡೆ ಕೂತೆವು. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಬಾಯಿಗೆ ಬಂದದ್ದನ್ನೆಲ್ಲಾ ಅಂದೆ.

"ನಾನು ಇಷ್ಟು ತಿಂಗಳು ಬಾಯಿ ಕಟ್ಟಿದ್ದು ಇದಕ್ಕಾ? ನೀವು ಸಾಕು ಅನ್ನೋದಕ್ಕಾ?"

"ನಾನು ಕೇಳಿದ್ದೆನಾ ಬಾಯಿ ಕಟ್ಟು ಅಂತ?"

"ದೇವರಿಗೆ ಮಾತು ಕೊಟ್ಟಿದ್ದೀನಿ!"

"ಮಾತು ನೀನು ಕೊಟ್ಟೆ. ತೆತ್ತದ್ದು ನನ್ನ ಮೈ. ನೀನು ಗಂಜಿ ಕುಡಿದೆ ಅಂತ ನಾನು ಪ್ರತಿ ಸಲ ಹೋಗಿ ಆ ಕುರ್ಚಿ ಮೇಲೆ ಕೂತೆ. ಇಲ್ಲದಿದ್ದರೆ ಯಾವತ್ತೋ ಎದ್ದು ಬರ್ತಿದ್ದೆ."

ಅಷ್ಟು ಹೇಳುವಷ್ಟರಲ್ಲಿ ಕೆಮ್ಮು ಬಂತು, ಕೂತುಬಿಟ್ಟರು. ನಾನು ಬಿಸಿನೀರು ತಂದುಕೊಟ್ಟೆ. ಜಗಳದ ಮಧ್ಯದಲ್ಲೂ ಬಿಸಿನೀರು ತರಬೇಕು ನೋಡು.

ನಾನು ಬಾಯಿ ಕಟ್ಟಿದ್ದು ಇವರನ್ನು ಉಳಿಸಲು. ಇವರನ್ನು ಆ ಕುರ್ಚಿಗೆ ಕಟ್ಟಿಹಾಕಿದ್ದು ಅದೇನಾ? ಈಗ ಮಾತು ಮುರಿದರೆ ಇವರು ಹೋಗಿಬಿಡುತ್ತಾರೆ ಅನ್ನುವ ಹೆದರಿಕೆ. ಮುರಿಯದಿದ್ದರೆ, ನನ್ನ ಮುಖ ನೋಡಿ ಆ ಹೊಸ ಔಷಧಿಗೂ ಹೂಂ ಅಂದುಬಿಡುತ್ತಾರೆ. ಮುಂದಿನ ವಾರ ಬಂದು ತೀರ್ಮಾನ ಹೇಳಿ ಅಂದಿದ್ದಾರೆ ಡಾಕ್ಟರಮ್ಮ. ಇವರು ನಿನ್ನೆಯಿಂದ ಸಾಕು ಅನ್ನುವ ಮಾತೇ ಎತ್ತಿಲ್ಲ. "ನೀನು ಹೇಳಿದ ಹಾಗೆ" ಅನ್ನುತ್ತಾರೆ.

ನಾನು ಏನು ಮಾಡಲಿ? ಯಾರನ್ನು ಕೇಳಲಿ? ದೇವರನ್ನು ಕೇಳಿದರೆ ಸುಮ್ಮನಿದ್ದಾನೆ.

ಅಕ್ಕ

ಮೇ ೨೧

ಅಕ್ಕಾ,

ಈ ಕಾಗದವನ್ನು ಇಲ್ಲಿಂದ ನಿಮ್ಮ ಕಡೆ ಬರುವ ಹಾಲಿನ ವ್ಯಾನಿನವನ ಕೈಯಲ್ಲಿ ಕಳಿಸುತ್ತಿದ್ದೇನೆ, ಬೇಗ ಸಿಗಲಿ ಅಂತ. ನನಗೆ ದೇವರ ವಿಷಯ ನಿನ್ನಷ್ಟು ತಿಳಿಯದು. ಒಂದೇ ಒಂದು ಕೇಳುತ್ತೇನೆ.

ನೀನು ಅವನಿಗೆ ಮಾತು ಕೊಟ್ಟೆ, ಸರಿ. ಅವನು ನಿನಗೆ ಮಾತು ಕೊಟ್ಟಿದ್ದನಾ?

ತಂಗಿ

ಜೂನ್ ೨

ತಂಗೀ,

ನಿನ್ನ ಕಾಗದ ಬಂದ ದಿನ ನಿನ್ನನ್ನು ಬೈದುಕೊಂಡೆ. ನಾಸ್ತಿಕಳೇ ಅಂದೆ. ಮಡಿಸಿ ಅಕ್ಕಿ ಡಬ್ಬಿಯ ಕೆಳಗಿಟ್ಟೆ. ಆದರೆ ಆ ಮಾತು ಡಬ್ಬಿಯ ಕೆಳಗೆ ಇರಲಿಲ್ಲ. ಗುಡಿಸುವಾಗಲೂ ಬಟ್ಟೆ ಹಿಂಡುವಾಗಲೂ ಕೇಳುತ್ತಲೇ ಇತ್ತು. ಆ ಬೆಂಚಿನ ಮೇಲೆ ಏನೇನಾಯಿತೆಂದು ಎಷ್ಟು ನೆನಪಿಸಿಕೊಂಡರೂ ಮಾತಾಡಿದ್ದು ನಾನೊಬ್ಬಳೇ. ಅವನು ಹೂಂ ಅಂದದ್ದು ನನಗೆ ಕೇಳಿರಲಿಲ್ಲ. ವ್ಯಾಪಾರಕ್ಕೆ ಕೂತವಳ ಹಾಗೆ ನಾನೇ ಹೇಳಿ, ನಾನೇ ಒಪ್ಪಿ, ಎದ್ದು ಬಂದಿದ್ದೆ.

ಡಾಕ್ಟರಮ್ಮನ ಹತ್ತಿರ ಹೋಗುವ ಹಿಂದಿನ ದಿನ. ಇವರು ಹೊರಬಾಗಿಲ ಹತ್ತಿರ ಕೂತು ಚಪ್ಪಲಿ ಅಂಗಡಿಯವನ ಬೋರ್ಡನ್ನು ಮತ್ತೆ ಉಜ್ಜುತ್ತಿದ್ದರು. ಮರಳುಕಾಗದವನ್ನು ಬೆರಳಿನಲ್ಲಿ ಹಿಡಿಯಲಾಗದೆ ಅಂಗೈಗೆ ಬಟ್ಟೆಯಿಂದ ಕಟ್ಟಿಕೊಂಡಿದ್ದರು. ನಾನು ಅಡುಗೆಮನೆಯಲ್ಲಿ ಇವರು ಕಾಣುವ ಹಾಗೆ ನಿಂತೆ. ಬೆನ್ನು ಕಾಣುತ್ತಿತ್ತು, ಅಂಗಿಯೊಳಗೆ ಮೂಳೆ ಕಾಣುತ್ತಿತ್ತು. ಉಸಿರಾಡುತ್ತಿದ್ದಾರೆ ಎಂದು ನೋಡಿಕೊಂಡೆ. ಹೊಲಿಗೆಯವಳು ಕೊಟ್ಟ ಹುರಿದ ಕಡಲೆಕಾಯಿ ಬೀಜ ಡಬ್ಬಿಯಲ್ಲಿತ್ತು. ಒಂದು ತೆಗೆದೆ.

ತಂಗಿ, ಅಷ್ಟು ಹೆದರಿಕೆ ನನಗೆ ಯಾವತ್ತೂ ಆಗಿಲ್ಲ. ಆಲೂಗಡ್ಡೆ ಸಿಕ್ಕಿಕೊಂಡ ದಿನ, ತಣ್ಣೀರಿನ ದಿನ, ಅದೆಲ್ಲ ತಾನಾಗಿ ಬಂದದ್ದು. ಇದು ನನ್ನ ಕೈಲಿತ್ತು. ನಾನು ಹಲ್ಲು ಊರಿದ ಕ್ಷಣದಲ್ಲೇ ಇವರು ಅಲ್ಲಿ ಬಿದ್ದುಬಿಟ್ಟರೆ? ದೇವರಿಗೆ ಹೇಳಿದೆ, "ಮಾತು ಮುರಿಯುತ್ತಿರುವವಳು ನಾನು, ಅವರಲ್ಲ. ಕೇಳೋದಿದ್ದರೆ ನನ್ನನ್ನ ಕೇಳು." ಬಾಯಿಗಿಟ್ಟು ಕಚ್ಚಿದೆ.

ಎಷ್ಟು ಜೋರು ಸದ್ದು! ಮರೆತೇಹೋಗಿತ್ತು. ದವಡೆ ನೋವಿಗೆ ಕಣ್ಣಲ್ಲಿ ನೀರು ಬಂತು. ಹೊರಗೆ ಉಜ್ಜುವ ಸದ್ದು ನಿಂತಿತು.

ನಿಂತದ್ದು ಕೇಳಿ ಕಣ್ಣು ಮುಚ್ಚಿಕೊಂಡೆ. ಕಾಲೆಳೆದುಕೊಂಡು ಬರುವ ಸದ್ದು ಕೇಳಿತು. ಇವರು ಬಾಗಿಲಲ್ಲಿ ಬಂದು ನಿಂತರು. ಕೈಗೆ ಬಟ್ಟೆ ಕಟ್ಟಿಕೊಂಡೇ.

"ಏನದು?"

ಅಗಿದ ಚೂರು ಇನ್ನೂ ನನ್ನ ಬಾಯಲ್ಲಿತ್ತು. ಇವರು ಹತ್ತಿರ ಬಂದು ನನ್ನ ಗಲ್ಲ ಹಿಡಿದರು, ಕದ್ದು ತಿಂದ ಮಗುವಿನ ಬಾಯಿ ನೋಡುವ ಹಾಗೆ. ಆಮೇಲೆ ತಮ್ಮ ಎದೆ ತಟ್ಟಿ ತೋರಿಸಿ,

"ನೋಡು, ಇನ್ನೂ ಇದ್ದೀನಿ. ಇನ್ನೊಂದು ತಿನ್ನು" ಅಂದರು.

ನಾನು ಅಳುತ್ತಾ ತಿಂದೆ. ಇವರು ಅಡುಗೆಮನೆಯ ನೆಲದ ಮೇಲೆ ಕೂತು, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಆ ಸದ್ದನ್ನೇ ಕೇಳುತ್ತಿದ್ದರು. ನಾನು ನಿಲ್ಲಿಸಿದರೆ ಕಣ್ಣು ಬಿಡುತ್ತಿದ್ದರು. "ಹೂಂ, ನಡೀಲಿ" ಅನ್ನುತ್ತಿದ್ದರು.

ಮರುದಿನ ಹೋಗಿ ಬೇಡ ಎಂದು ಹೇಳಿದೆವು. ಹೇಳಿದ್ದು ನಾನೇ. ಇವರು ನನ್ನ ಕಡೆ ತಿರುಗಿ ಕೂತಿದ್ದರು. ಡಾಕ್ಟರಮ್ಮ ನೋವಿನ ಔಷಧಿ ಬರೆದುಕೊಟ್ಟರು. ಆ ನಳಿಗೆ ಇಡಲು ಎರಡು ವಾರ ಬಿಟ್ಟು ಬನ್ನಿ ಅಂದರು, ಅದು ಒಂದೇ ದಿನದ ಕೆಲಸವಂತೆ. ಬೆರಳು ಸರಿಹೋಗುತ್ತದಾ ಅಂತ ಇವರು ಕೇಳಿದರು. ಕೆಲವರಿಗೆ ನಿಧಾನಕ್ಕೆ ಹೋಗುತ್ತದೆ, ಕೆಲವರಿಗೆ ಉಳಿಯುತ್ತದೆ ಅಂದರು. ಅಷ್ಟು ನಿಧಾನಕ್ಕೆ ಹೋಗಲು ದಿನ ನಮ್ಮ ಹತ್ತಿರ ಇದೆಯಾ ಅಂತ ಯಾರೂ ಕೇಳಲಿಲ್ಲ.

ಬೋರ್ಡಿನ ಮೇಲೆ ಒಂದು ಅಕ್ಷರ ಬಂದಿದೆ. ಸೊಟ್ಟಗಿದೆ. ಚಪ್ಪಲಿ ಅಂಗಡಿಯವನು ಬಂದು ನೋಡಿ, "ಇದೇ ಇರಲಿ ಯಜಮಾನ್ರೇ, ಉಳಿದದ್ದೂ ಹೀಗೇ ಬರೀರಿ" ಅಂದ. ಇವರಿಗೆ ಸಿಟ್ಟು ಬಂತು. "ನಿನ್ನ ಅಂಗಡಿಯಲ್ಲಿ ಕುಂಟನ ಚಪ್ಪಲಿ ಮಾರ್ತೀಯಾ?" ಅಂದು ಒರೆಸಿಬಿಟ್ಟರು. ಇವತ್ತು ಮತ್ತೆ ಗೆರೆ ಹೊಡೆಯಲು ಕರೆದಿದ್ದಾರೆ.

ನಾನು ಈಗಲೂ ಬೆಳಗ್ಗೆ ಸಂಜೆ ದೇವರ ಮುಂದೆ ನಿಲ್ಲುತ್ತೇನೆ. ಅದು ಕೊಡುತ್ತೇನೆ ಇದು ಬಿಡುತ್ತೇನೆ ಅನ್ನುವುದಿಲ್ಲ. ಕೈ ಖಾಲಿ ಇಟ್ಟುಕೊಂಡು ನಿಲ್ಲುವುದು ಕಷ್ಟ, ಅಭ್ಯಾಸವಿಲ್ಲ. ನೋಯಿಸಬೇಡ ಅನ್ನುತ್ತೇನೆ. ಅಷ್ಟೇ ಅನ್ನುತ್ತೇನೆ. ಅವನು ಸಿಟ್ಟಾಗಿದ್ದಾನೋ ಇಲ್ಲವೋ ತಿಳಿಯದು. ಇವರು ನಿದ್ದೆಯಲ್ಲಿ ಸ್ವಲ್ಪ ಉಸಿರು ಎಳೆದರೂ, ಆ ಕಡಲೆಕಾಯಿ ಬೀಜವೇ ಇರಬೇಕು ಅನಿಸಿಬಿಡುತ್ತದೆ. ಆದರೂ ಊಟದ ಹೊತ್ತಿಗೆ ಇವರು ಎದುರಿಗೆ ಕೂರುತ್ತಾರೆ, ನಾನು ರೊಟ್ಟಿ ಮುರಿಯುತ್ತೇನೆ. ಇವರ ಮುಖ ನೋಡುತ್ತಾ ಅಗಿಯುತ್ತೇನೆ.

ಹುಡುಗಿಯರು ಊರಿಗೆ ಹೋದರಲ್ಲ, ಇನ್ನು ಹೊರಡು. ನನಗೆ ಬಹಳ ಹೆದರಿಕೆಯಾಗುತ್ತಿದೆ, ಒಬ್ಬಳೇ ಹೆದರಲು ಆಗುವುದಿಲ್ಲ.

ಒಳಗೆ ಕೆಮ್ಮಿದರು. ಹೋಗಿ ನೋಡಬೇಕು.

ಅಕ್ಕ